ಒಂಬತ್ತು ವೋಲ್ಟಿನ ಭ್ರಮೆ

‘ಸರ್, ಪ್ರೋಗ್ರಾಮಿನಲ್ಲಿ ಏನೋ ತಪ್ಪಿದೆ, ಒಮ್ಮೆ ನೋಡಿ’ ಎನ್ನುತ್ತಾ ತಮ್ಮ ಮೊದಲ ರೋಬಾಟನ್ನು ಹಿಡಿದು ಬರುವವರಿಗೆ ನಾನು ಲ್ಯಾಪ್‌ಟಾಪ್ ಮುಚ್ಚಿಡಲು ಹೇಳುತ್ತೇನೆ. ಬಹಳ ಮಂದಿಗೆ ಇದರಿಂದ ಬೇಸರವಾಗುತ್ತದೆ. ರಾತ್ರಿಯೆಲ್ಲ ಕೂತು ಬರೆದ ಸಾಲುಗಳನ್ನು ಈ ಮನುಷ್ಯ ತಿರುಗಿಯೂ ನೋಡುತ್ತಿಲ್ಲವಲ್ಲ ಎಂದು. ನನ್ನ ಕಣ್ಣು ಹೋಗುವುದು ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಕುಳಿತ ಆ ಚೌಕನೆಯ 9 ವೋಲ್ಟಿನ ಬ್ಯಾಟರಿಯ ಕಡೆಗೆ.

ಎರಡು ಹಳದಿ ಗೇರ್ ಮೋಟರು, ಪ್ರೋಗ್ರಾಮನ್ನು ನಡೆಸುವ ಪುಟ್ಟ ಬೋರ್ಡು ಆರ್ಡುಯಿನೊ, ನಡುವೆ ಅದರ ಆಜ್ಞೆಯಂತೆ ಮೋಟರಿಗೆ ಬ್ಯಾಟರಿಯ ಕರೆಂಟ್ ಹರಿಸುವ ಮೋಟರ್ ಡ್ರೈವರ್, ಮುಂದೊಂದು ಪುಟ್ಟ ಉರುಟು ಚಕ್ರ. ಮೊದಲ ರೋಬಾಟ್ ಸಾಮಾನ್ಯವಾಗಿ ಇಷ್ಟೇ, ಇಷ್ಟು ಸಾಕು ಕೂಡ. ಜೋಡಿಸುವುದನ್ನು ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಒಂದೇ ಕಡೆ: ವೋಲ್ಟ್ ಎಷ್ಟಿದೆ ಎಂದು ಕೇಳುತ್ತಾರೆ, ಆಂಪಿಯರ್, ಅಂದರೆ ಕರೆಂಟ್, ಎಷ್ಟು ಕೊಡಬಲ್ಲದು ಎಂದು ಕೇಳುವುದಿಲ್ಲ. ‘ಮೋಟರಿಗೆ 6 ವೋಲ್ಟ್ ಸಾಕಂತೆ, ನಾನು 9 ಕೊಟ್ಟಿದ್ದೇನೆ, ಇನ್ನೇನು ಬೇಕು?’ ಈ ವಾದವನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿದ್ದು, ನಲ್ಲಿಯ ಬಾಯಿ ಸೂಜಿಯಷ್ಟಿದ್ದರೆ ಹೇಗೋ ಹಾಗೆ ಈ ಬ್ಯಾಟರಿ. ಅದರ ಒಳಗಿನ ಕೋಶಗಳು ಪುಟ್ಟವು, ಒಳರೋಧ ಹೆಚ್ಚು. ಸದ್ದಿಲ್ಲದೆ ಕುಳಿತು ತಿಂಗಳುಗಟ್ಟಲೆ ಚೂರುಚೂರು ಕರೆಂಟ್ ಎಳೆಯುವ ಉಪಕರಣಗಳಿಗೆ ಅದು ಹೇಳಿ ಮಾಡಿಸಿದ್ದು. ಮೋಟರಿನ ಸ್ವಭಾವವೇ ಬೇರೆ. ಖಾಲಿ ತಿರುಗುವಾಗ ಅದು ಎಳೆಯುವುದು ಒಂದೆರಡು ನೂರು ಮಿಲಿಆಂಪಿಯರ್ ಇರಬಹುದು. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ, ಅಥವಾ ಚಕ್ರ ಎಲ್ಲೋ ಸಿಕ್ಕಿಕೊಂಡಾಗ, ಆ ಎಳೆತ 1 ಆಂಪಿಯರಿನ ಆಸುಪಾಸಿಗೆ ಜಿಗಿಯುತ್ತದೆ. ತಿರುಗುತ್ತಿರುವ ಮೋಟರು ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತ ಮೋಟರಿಗೆ ಆ ಕಡಿವಾಣವಿಲ್ಲ. ಎರಡು ಮೋಟರು ಒಟ್ಟಿಗೆ ಹೊರಟರೆ ಲೆಕ್ಕ ನೀವೇ ಹಾಕಿ. (ಮೋಟರಿನಿಂದ ಮೋಟರಿಗೆ ಅಂಕಿ ಬದಲಾಗುತ್ತದೆ, ನಿಮ್ಮದನ್ನು ಅಳೆದೇ ನೋಡಿ.)

ಒಬ್ಬ ಹುಡುಗ ನೆನಪಾಗುತ್ತಾನೆ. ಅವನ ರೋಬಾಟ್ ಎರಡು ಬೆರಳಿನಷ್ಟು ದೂರ ಹೋಗಿ ನಿಲ್ಲುತ್ತಿತ್ತು, ಬೋರ್ಡಿನ ದೀಪ ಮಿಟುಕುತ್ತಿತ್ತು, ಮತ್ತೆ ಎರಡು ಬೆರಳು. ಪ್ರೋಗ್ರಾಮನ್ನು ಹದಿನೇಳು ಸಲ ತಿದ್ದಿ, ಹದಿನೇಳನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಟ್ಟಿದ್ದ. ಆ ಶ್ರದ್ಧೆಗೆ ನಾನು ಕೈ ಮುಗಿಯಬೇಕು. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದೆ: 9.1. ‘ನೋಡಿ, ಸರಿಯಾಗಿದೆ’ ಎಂದ. ಮೀಟರಿನ ಕಡ್ಡಿಗಳನ್ನು ತೆಗೆಯದೆ ಮೋಟರ್ ಓಡಿಸು ಎಂದೆ. ಅಂಕಿ 4ರ ಹತ್ತಿರ ಬಿತ್ತು. ‘ಸರ್, ನಿಮ್ಮ ಮೀಟರ್ ಕೆಟ್ಟಿದೆ’ ಎಂದ!

ಮೀಟರ್ ಕೆಟ್ಟಿರಲಿಲ್ಲ. ಮೋಟರು ಹೊರಡುವಾಗ ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೊಗೆ ಉಸಿರು ಕಟ್ಟಿ ರೀಸೆಟ್ ಆಗುತ್ತದೆ. ಮೋಟರು ನಿಂತ ಕೂಡಲೇ ವೋಲ್ಟೇಜ್ ಮೇಲೇರಿ, ಪ್ರೋಗ್ರಾಮು ಮೊದಲ ಸಾಲಿನಿಂದ ಶುರುವಾಗಿ, ಮತ್ತೆ ಮೋಟರನ್ನು ಹೊರಡಿಸುತ್ತದೆ. ಮೀಟರ್ ನಿಧಾನದ ಪ್ರಾಣಿ, ನಿಜವಾದ ಕುಸಿತ ಅದು ತೋರಿಸಿದ್ದಕ್ಕಿಂತಲೂ ಆಳ. ಹಾಗಾಗಿ ಬ್ಯಾಟರಿಯನ್ನು ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ. ಸುಮ್ಮನೆ ಕುಳಿತ ಬ್ಯಾಟರಿ ಯಾವಾಗಲೂ ಒಳ್ಳೆಯ ಮಾತನ್ನೇ ಆಡುತ್ತದೆ.

ಆ 9 ವೋಲ್ಟಿನ ಬ್ಯಾಟರಿಯ ಬದಲು ನಾನು ಹೇಳುವುದು ಆರು ಎಎ ಗಾತ್ರದ, ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಕೋಶಗಳನ್ನು. ಒಂದಕ್ಕೆ 1.2ರಂತೆ 7.2 ವೋಲ್ಟ್. ನಾಲ್ಕು ಸಾಲದೇ ಎಂದರೆ, ನಿಮ್ಮ ಡ್ರೈವರ್ ಎಲ್298ಎನ್ ಆಗಿದ್ದರೆ ಸಾಲದು. ಆ ಹಳೆಯ ಚಿಪ್ಪು ಸುಮಾರು 2 ವೋಲ್ಟನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಲಿಥಿಯಂ ಕೋಶ ಖಂಡಿತ ಶಕ್ತಿಶಾಲಿ, ಆದರೆ ತಂತಿಗೆ ತಂತಿ ತಾಗಿದರೆ ಬೆಂಕಿಯವರೆಗೂ ಹೋಗಬಹುದು. ಮೊದಲ ರೋಬಾಟಿಗೆ ನಾನು ಅದನ್ನು ಸೂಚಿಸುವುದಿಲ್ಲ. ಇನ್ನು ಡ್ರೈವರನ್ನೇ ಬಿಟ್ಟು ಮೋಟರನ್ನು ನೇರ ಆರ್ಡುಯಿನೊ ಪಿನ್ನಿಗೆ ಸಿಕ್ಕಿಸುವ ಧೀರರಿದ್ದಾರೆ. ಆರ್ಡುಯಿನೊದ ಊನೊ ಆರ್3 ಬೋರ್ಡಿನ ಪಿನ್ನು ನಿಶ್ಚಿಂತೆಯಿಂದ ಕೊಡಬಲ್ಲದ್ದು 20 ಮಿಲಿಆಂಪಿಯರ್.

ಮೋಟರಿಗೊಂದು, ಆರ್ಡುಯಿನೊಗೊಂದು ಎಂದು ಎರಡು ಬೇರೆ ಬ್ಯಾಟರಿ ಬಳಸುವವರು ಅವುಗಳ ಮೈನಸ್ ತಂತಿಗಳನ್ನು ಸೇರಿಸಲು ಹೆದರುತ್ತಾರೆ. ಸೇರಿಸಲೇಬೇಕು. ಆರ್ಡುಯಿನೊ ‘5 ವೋಲ್ಟ್’ ಎಂದು ಕೂಗಿದರೆ, ಯಾವ ನೆಲದಿಂದ, ಅಂದರೆ ಯಾವ ಸೊನ್ನೆಯಿಂದ, 5 ಎಂಬುದು ಡ್ರೈವರಿಗೆ ತಿಳಿಯಬೇಡವೇ?

ಮಿದುಳಿನ ವಿಜ್ಞಾನಿ ಗ್ರೇ ವಾಲ್ಟರ್ 1948-49ರಲ್ಲಿ ಕಟ್ಟಿದ ಎಲ್ಮರ್, ಎಲ್ಸಿ ಎಂಬ ಯಾಂತ್ರಿಕ ಆಮೆಗಳಲ್ಲಿ ಪ್ರೋಗ್ರಾಮೇ ಇರಲಿಲ್ಲ. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಎರಡು ನಿರ್ವಾತ ಕೊಳವೆ, ಬೆಳಕು ಕಾಣುವ ಒಂದು ಕಣ್ಣು, ತಾಗಿದರೆ ತಿಳಿಯುವ ಒಂದು ಸಂಪರ್ಕ. ಆದರೂ ಬ್ಯಾಟರಿ ಇಳಿದಾಗ ಬೆಳಕು ಹುಡುಕಿ ಚಾರ್ಜ್ ಆಗುವ ಗೂಡಿಗೆ ಮರಳುವಂತೆ ಅವನ್ನು ರೂಪಿಸಲಾಗಿತ್ತು. ಪ್ರೋಗ್ರಾಮಿಲ್ಲದ ಆಮೆಗೂ ಬ್ಯಾಟರಿಯ ಚಿಂತೆಯಿತ್ತು ಎಂದು ಆ ಹುಡುಗನಿಗೆ ಹೇಳಿದೆ. ಅವನು ನಗಲಿಲ್ಲ.

ಆರು ಕೋಶಗಳ ಡಬ್ಬಿ ಸಿಕ್ಕಿಸಿದೆವು. ರೋಬಾಟ್ ತಡೆಯಿಲ್ಲದೆ ಹೊರಟು, ಗೋಡೆಯ ಹತ್ತಿರ ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗಿ ಮೇಜಿನ ಕಾಲಿಗೆ ಗುದ್ದಿತು. ಆ ತಪ್ಪು ಮಾತ್ರ ಪ್ರೋಗ್ರಾಮಿನಲ್ಲೇ ಇತ್ತು, ಹದಿನೇಳರಲ್ಲೂ.