ರೀಫರ್ ಕಂಟೈನರ್: ಗಾಳಿಯ ದಾರಿ ಹಿಡಿದು ಓದಿದರೆ ಸುಲಭ

ರಫ್ತು-ಆಮದು ಕೋರ್ಸ್ ಓದುವ ನಮ್ಮಲ್ಲಿ ಹೆಚ್ಚಿನವರು ರೀಫರ್ (ಮಾಲನ್ನು ತಣ್ಣಗಿಡುವ ಯಂತ್ರವಿರುವ ಕಂಟೈನರ್) ಪಾಠವನ್ನು ತಾಪಮಾನದ ಪಟ್ಟಿಯಿಂದ ಶುರು ಮಾಡುತ್ತೇವೆ. ಬಾಳೆಹಣ್ಣಿಗೆ 13–14 ಡಿಗ್ರಿ, ದಾಳಿಂಬೆಗೆ 5–7, ದ್ರಾಕ್ಷಿಗೆ ಸೊನ್ನೆಯ ಆಸುಪಾಸು, ಫ್ರೋಜನ್ ಮೀನಿಗೆ ಮೈನಸ್ 18. ಇದನ್ನು ಉರು ಹೊಡೆದರೆ ಅಂಕ ಬರುತ್ತದೆ, ನಿಜ. ಆದರೆ ಸೆಟ್ಟಿಂಗ್ ಸರಿಯಿದ್ದೂ ಮಾಲು ಯಾಕೆ ಕೆಡುತ್ತದೆ ಅಂತ ಕೇಳಿದರೆ ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ. ಪೆಟ್ಟಿಗೆಯೊಳಗೆ ಗಾಳಿ ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಂಡರೆ ಈ ಪಾಠದ ಮುಕ್ಕಾಲು ಪಾಲು ಮುಗಿದಂತೆ.

ಕಂಟೈನರ್‌ನ ಬಾಗಿಲಿಗೆ ಎದುರಿನ ಗೋಡೆಯಲ್ಲಿ ಕೂಲಿಂಗ್ ಯಂತ್ರ ಇರುತ್ತದೆ. ತಣ್ಣನೆ ಗಾಳಿ ಅದರ ಕೆಳಗಿನಿಂದ ಹೊರಡುತ್ತದೆ. ನೆಲ ಸಮತಟ್ಟಾಗಿರುವುದಿಲ್ಲ, ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಅಲ್ಯೂಮಿನಿಯಂ ಪಟ್ಟಿಗಳನ್ನು ಉದ್ದಕ್ಕೂ ಸಾಲಾಗಿ ಕೂರಿಸಿರುತ್ತಾರೆ. ಆ ಸಂದುಗಳಲ್ಲಿ ಗಾಳಿ ಬಾಗಿಲ ತನಕ ಹೋಗುತ್ತದೆ, ಅಲ್ಲಲ್ಲಿ ಮೇಲೇಳುತ್ತದೆ, ಕೊನೆಗೆ ಚಾವಣಿಯ ಕೆಳಗಿನಿಂದ ಯಂತ್ರಕ್ಕೆ ವಾಪಸ್ ಬರುತ್ತದೆ. ಒಳಗೋಡೆಯ ಮೇಲ್ಭಾಗದಲ್ಲಿ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ಡಬ್ಬಗಳನ್ನು ಅದಕ್ಕಿಂತ ಮೇಲೆ ಪೇರಿಸಿದರೆ ವಾಪಸ್ ಬರುವ ದಾರಿ ಮುಚ್ಚುತ್ತದೆ. ಲೋಡ್ ಕಮ್ಮಿಯಾಗಿ ಬಾಗಿಲ ಹತ್ತಿರ ನೆಲ ಖಾಲಿ ಬಿದ್ದಿದ್ದರೂ ತೊಂದರೆಯೇ. ಗಾಳಿ ಸುಲಭದ ದಾರಿ ಹುಡುಕುತ್ತದೆ, ಅಲ್ವಾ? ಡಬ್ಬಗಳ ಸಂದಿಯಲ್ಲಿ ತೂರುವ ಬದಲು ಆ ಖಾಲಿ ಜಾಗದಲ್ಲೇ ಮೇಲೆದ್ದು ಹೋಗಿಬಿಡುತ್ತದೆ. ಅದಕ್ಕೇ ಅಲ್ಲಿ ರಟ್ಟು ಹಾಸಿ ಮುಚ್ಚುತ್ತಾರೆ.

ಈಗ ಎಲ್ಲರೂ ಎಡವುವ ವಿಷಯ. ರೀಫರ್ ಕಂಟೈನರ್ ಇರುವುದು ಮಾಲನ್ನು ಇದ್ದ ತಾಪಮಾನದಲ್ಲೇ ಕಾಯುವುದಕ್ಕೆ. ಬಿಸಿ ಮಾಲನ್ನು ತಣ್ಣಗೆ ಮಾಡುವ ಕೆಲಸ ಅದರದ್ದಲ್ಲ. ಒಂದು ಲೆಕ್ಕ ಹಾಕಿ ನೋಡೋಣ. 20 ಟನ್ ಹಣ್ಣನ್ನು 10 ಡಿಗ್ರಿ ಇಳಿಸಬೇಕು ಅಂದುಕೊಳ್ಳಿ. ಒಂದು ಕಿಲೋ ಹಣ್ಣನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.8 ಕಿಲೋಜೂಲ್ ಶಾಖ ತೆಗೆಯಬೇಕು. ಒಟ್ಟು 7,60,000 ಕಿಲೋಜೂಲ್, ಅಂದರೆ ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಸುಮಾರು 210 ಯೂನಿಟ್. ಇದರ ಜೊತೆಗೆ ಗೋಡೆಯಿಂದ ನುಗ್ಗುವ ಬಿಸಿ, ಹಣ್ಣು ಉಸಿರಾಡುವಾಗ ಬಿಡುವ ಬಿಸಿ ಬೇರೆ. ಕಾಗದದ ಮೇಲೆ ಯಂತ್ರ ಇದನ್ನು ಒಂದೆರಡು ದಿನದಲ್ಲಿ ಮುಗಿಸಬಹುದು ಅನ್ನಿಸುತ್ತದೆ. ಆದರೆ ಒತ್ತಾಗಿ ಪೇರಿಸಿದ ಡಬ್ಬಗಳ ನಡುವಿನ ಹಣ್ಣಿಗೆ ತಣ್ಣನೆ ಗಾಳಿ ತಲುಪುವುದು ಬಲು ನಿಧಾನ. ಅಷ್ಟರಲ್ಲಿ ಹಣ್ಣಿನ ಆಯಸ್ಸು ಕರಗಿರುತ್ತದೆ.

ಹಾಗಾಗಿ ಹಣ್ಣನ್ನು ಡಬ್ಬಕ್ಕೆ ತುಂಬುವ ಪ್ಯಾಕ್‌ಹೌಸ್‌ನಲ್ಲೇ ಪ್ರೀ-ಕೂಲಿಂಗ್, ಅಂದರೆ ಮೊದಲೇ ತಣ್ಣಗೆ ಮಾಡುವ ಕೆಲಸ, ಮುಗಿಯಬೇಕು. ಸ್ಟಫಿಂಗ್ (ಕಂಟೈನರ್‌ಗೆ ಮಾಲು ತುಂಬುವ) ಸಮಯದಲ್ಲಿ ಸೂಜಿಯಂಥ ಥರ್ಮಾಮೀಟರನ್ನು ಹಣ್ಣಿನೊಳಗೆ ಚುಚ್ಚಿ ತಿರುಳಿನ ತಾಪಮಾನ ಬರೆದುಕೊಳ್ಳುತ್ತಾರೆ. ಕೋಣೆಯ ಗೋಡೆಯ ಮೀಟರ್ 6 ಡಿಗ್ರಿ ತೋರಿಸುತ್ತಿರುತ್ತದೆ, ಪ್ಯಾಲೆಟ್ ಮೇಲೆ ಪೇರಿಸಿದ ರಾಶಿಯ ನಡುವಿನ ದಾಳಿಂಬೆಗೆ ಚುಚ್ಚಿದರೆ 14 ಬಂದರೂ ಬರಬಹುದು. ನಂಬಬೇಕಾದದ್ದು ಎರಡನೆಯದನ್ನು.

ಖಾಲಿ ಕಂಟೈನರನ್ನು ಮೊದಲೇ ತಣ್ಣಗೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು ಅಂತ ತುಂಬಾ ಜನ ಬರೆಯುತ್ತಾರೆ. ಕೋಲ್ಡ್ ಸ್ಟೋರೇಜ್ ಬಾಗಿಲಿಗೆ ಕಂಟೈನರ್ ಸಂದಿಲ್ಲದೆ ಅಂಟಿಕೊಂಡು ನಿಲ್ಲುವಂತಿದ್ದರೆ ಮಾತ್ರ ಅದು ಸರಿ. ಬಯಲಲ್ಲಿ ಲೋಡ್ ಮಾಡುವುದಾದರೆ ತಣ್ಣನೆ ಗೋಡೆಗೆ ಹೊರಗಿನ ತೇವದ ಗಾಳಿ ತಾಕಿ ನೀರಿಳಿಯುತ್ತದೆ, ರಟ್ಟಿನ ಡಬ್ಬ ಮೆತ್ತಗಾಗುತ್ತದೆ. ಬಾಗಿಲು ತೆರೆದಿರುವಾಗ ಯಂತ್ರ ಆಫ್ ಇರಬೇಕು. ಇಲ್ಲದಿದ್ದರೆ ಆ ತೇವ ಹೋಗಿ ಯಂತ್ರದ ತಣ್ಣನೆ ಕೊಳವೆಗಳ (ಕಾಯಿಲ್) ಮೇಲೆ ಹಿಮ ಕಟ್ಟುತ್ತದೆ. ಚೆನ್ನೈ, ಮಂಗಳೂರಿನ ಸೆಕೆಯಲ್ಲಂತೂ ಕೇಳುವುದೇ ಬೇಡ.

ಫ್ರೆಶ್ ಮತ್ತು ಫ್ರೋಜನ್ ಮಾಲು ಒಂದೇ ಬಗೆಯ ಪೆಟ್ಟಿಗೆಯಲ್ಲಿ ಹೋದರೂ ಪೇರಿಸುವ ರೀತಿ ಬೇರೆ ಬೇರೆ. ಫ್ರೋಜನ್ ಮೀನೋ ಸಿಗಡಿಯೋ ಆದರೆ ಅದರೊಳಗೆ ಹೊಸದಾಗಿ ಬಿಸಿ ಹುಟ್ಟುವುದಿಲ್ಲ. ಹೊರಗಿನಿಂದ ನುಗ್ಗುವ ಬಿಸಿಯನ್ನು ತಡೆದರೆ ಸಾಕು. ಆದ್ದರಿಂದ ಡಬ್ಬಗಳನ್ನು ಸಂದಿಲ್ಲದೆ ಒಂದೇ ಗಟ್ಟಿಯಂತೆ ಜೋಡಿಸುತ್ತಾರೆ, ಗಾಳಿ ಆ ರಾಶಿಯ ಸುತ್ತ ಹರಿಯುತ್ತದೆ. ಹಣ್ಣು, ತರಕಾರಿ ಕೊಯ್ದ ಮೇಲೂ ಉಸಿರಾಡುತ್ತವೆ, ಬಿಸಿ ಬಿಡುತ್ತವೆ. ಅಲ್ಲಿ ಗಾಳಿ ಡಬ್ಬದೊಳಗೇ ತೂರಬೇಕು. ಡಬ್ಬದ ತಳದಲ್ಲೂ ಮೇಲೂ ತೂತು ಇರಬೇಕು, ಒಂದರ ಮೇಲೊಂದು ಇಟ್ಟಾಗ ಆ ತೂತುಗಳು ನೇರಕ್ಕೆ ಬರಬೇಕು. ಒಂದು ಸಾಲು ಅಡ್ಡಡ್ಡ ಇಟ್ಟರೆ ಅಲ್ಲಿಗೆ ದಾರಿ ಬಂದ್. ಯಂತ್ರ ಅಳೆಯುವ ಜಾಗವೂ ಬೇರೆ. ಫ್ರೆಶ್ ಮಾಲಿಗೆ ಹೊರಡುವ ಗಾಳಿಯನ್ನು ನೋಡಿ ನಡೆಸುತ್ತದೆ, ಯಾಕಂದರೆ ಆ ಗಾಳಿ ಜಾಸ್ತಿ ತಣ್ಣಗಾದರೆ ಬಾಳೆಹಣ್ಣಿನ ಸಿಪ್ಪೆ ಬಣ್ಣಗೆಡುತ್ತದೆ. ಫ್ರೋಜನ್‌ಗೆ ವಾಪಸ್ ಬರುವ ಗಾಳಿ ಮುಖ್ಯ.

ಈ ಗಾಳಿಯ ಕಷ್ಟ ಹೊಸದೇನಲ್ಲ. 1882ರ ಫೆಬ್ರವರಿ 15ರಂದು 'ಡನೀಡಿನ್' ಎಂಬ ಹಾಯಿಹಡಗು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್‌ನಿಂದ ಸುಮಾರು 5,000 ಕುರಿ-ಮರಿಗಳ ಮಾಂಸ ತುಂಬಿಕೊಂಡು ಲಂಡನ್ನಿಗೆ ಹೊರಟಿತು. ಹಡಗು ಓಡಿದ್ದು ಹಾಯಿಯಲ್ಲಿ, ತಣ್ಣಗೆ ಮಾಡುವ ಯಂತ್ರ ಮಾತ್ರ ಉಗಿಯದ್ದು. ಉಷ್ಣವಲಯಕ್ಕೆ ಬಂದಾಗ ತಣ್ಣನೆ ಗಾಳಿ ಎಲ್ಲ ಕಡೆ ಸರಿಯಾಗಿ ಹರಡುತ್ತಿಲ್ಲ ಅಂತ ಗೊತ್ತಾಯಿತು. ಕ್ಯಾಪ್ಟನ್ ವಿಟ್ಸನ್ ತಾನೇ ಗಾಳಿ ಕೊಳವೆಯೊಳಗೆ ತೆವಳಿಕೊಂಡು ಹೋಗಿ ಹೊಸ ತೂತುಗಳನ್ನು ಕೊರೆದ. ಚಳಿಗೆ ಮರಗಟ್ಟಿ ಅಲ್ಲೇ ಬಿದ್ದ. ಹಿಂದೆ ನುಗ್ಗಿದವನು ಕಾಲಿಗೆ ಹಗ್ಗ ಕಟ್ಟಿ ಎಳೆದು ಉಳಿಸಬೇಕಾಯಿತು. 98 ದಿನಗಳ ಪಯಣದ ಕೊನೆಗೆ ಲಂಡನ್‌ನಲ್ಲಿ ತಿರಸ್ಕಾರವಾದದ್ದು ಒಂದೇ ಒಂದು ಪ್ರಾಣಿಯ ಮಾಂಸ! ಇತಿಹಾಸದ ಪ್ರಶ್ನೆ ಬಂದರೆ ಇದನ್ನು ಬಿಡಬೇಡಿ.

ವೆಂಟಿಲೇಶನ್ ಬಗ್ಗೆ ಚಿಕ್ಕದಾಗಿ. ಹಣ್ಣು ಬಿಡುವ ಕಾರ್ಬನ್ ಡೈಆಕ್ಸೈಡ್ ಮತ್ತು ಎಥಿಲೀನ್ (ಕಾಯಿಯನ್ನು ಹಣ್ಣಾಗಿಸುವ ಅನಿಲ) ಹೊರಗೆ ಹೋಗಲು ಸಣ್ಣ ಕಿಂಡಿ ಇರುತ್ತದೆ. ಎಷ್ಟು ತೆರೆಯಬೇಕು ಅನ್ನುವುದನ್ನು ಗಂಟೆಗೆ ಇಷ್ಟು ಘನ ಮೀಟರ್ ಅಂತ ಬರೆಯಿರಿ. ಸುಮ್ನೆ 'ಶೇ. 25' ಅಂದರೆ ಯಂತ್ರದಿಂದ ಯಂತ್ರಕ್ಕೆ ಅರ್ಥ ಬದಲಾಗುತ್ತದೆ. ಫ್ರೋಜನ್ ಮಾಲಿಗೆ ಕಿಂಡಿ ಪೂರ್ತಿ ಮುಚ್ಚಿರಬೇಕು. ಬಾಳೆಯನ್ನು ಕಾಯಿಯಾಗಿದ್ದಾಗಲೇ ಕಳಿಸಿ, ಇಳಿದ ಊರಿನಲ್ಲಿ ಎಥಿಲೀನ್ ಕೊಟ್ಟು ಹಣ್ಣು ಮಾಡುತ್ತಾರೆ. ದಾರಿಯಲ್ಲಿ ಜೊತೆಗೆ ಎಥಿಲೀನ್ ಬಿಡುವ ಸೇಬು ತುಂಬಿದರೆ ಕಥೆ ಮುಗಿಯಿತು.

ಬೆಂಗಳೂರಿಗೆ ಸಮುದ್ರ ಇಲ್ಲ. ಇಲ್ಲಿಂದ ಚೆನ್ನೈ ಬಂದರಿಗೆ ಸುಮಾರು 350 ಕಿ.ಮೀ. ರಸ್ತೆಯಲ್ಲಿ ಕಂಟೈನರಿಗೆ ಕರೆಂಟ್ ಕೊಡಲು ಡೀಸೆಲ್ ಜೆನ್‌ಸೆಟ್ ಬೇಕು, ಬಂದರಿನಲ್ಲಿ ಪ್ಲಗ್ ಪಾಯಿಂಟ್, ಹಡಗಿನಲ್ಲಿ ಇನ್ನೊಂದು. ಒಂದನ್ನು ಕಿತ್ತು ಇನ್ನೊಂದಕ್ಕೆ ಹಾಕುವ ನಡುವಿನ ಹೊತ್ತೇ ಅಪಾಯದ್ದು. ಗಟ್ಟಿ ಹೆಪ್ಪುಗಟ್ಟಿದ ಮೀನು ಕೆಲವು ಗಂಟೆ ತಡೆದುಕೊಳ್ಳುತ್ತದೆ. ಹಣ್ಣು ತನ್ನ ಬಿಸಿಯಲ್ಲೇ ತಾನು ಬೇಯತೊಡಗುತ್ತದೆ. ಇನ್ನು, ತಿನ್ನುವ ಮಾಲೆಲ್ಲ ರೀಫರ್ ಅಂದುಕೊಳ್ಳಬೇಡಿ. ಕರ್ನಾಟಕದಿಂದ ಹೋಗುವ ವಿನೆಗರ್‌ನಲ್ಲಿ ಹಾಕಿದ ಗೆರ್ಕಿನ್‌ಗೂ (ಸಣ್ಣ ಸೌತೆ) ತೋತಾಪುರಿ ಮಾವಿನ ಅಸೆಪ್ಟಿಕ್ (ಸೂಕ್ಷ್ಮಾಣು ಇಲ್ಲದಂತೆ ಪ್ಯಾಕ್ ಮಾಡಿದ) ಪಲ್ಪ್‌ಗೂ ಮಾಮೂಲಿ ಕಂಟೈನರ್ ಸಾಕು.

ಸಮಯದ ಲೆಕ್ಕವೂ ಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾದ ದಕ್ಷಿಣ ತುದಿ ಸುತ್ತತೊಡಗಿದವು. ಸುಮಾರು ಎರಡು ವಾರ ಹೆಚ್ಚು. ಫ್ರೋಜನ್‌ಗೆ ಇದು ಬರೀ ಖರ್ಚು. ದ್ರಾಕ್ಷಿಗೆ ಅಂಗಡಿಯಲ್ಲಿ ಕೂರಬೇಕಾದ ದಿನಗಳೇ ಕಡಲಲ್ಲಿ ಕಳೆದುಹೋಗುತ್ತವೆ.

ಕೊನೆಯದು ಬುಕಿಂಗ್ ಫಾರಂ. ಸೆಟ್ ಪಾಯಿಂಟ್ (ಯಂತ್ರ ಕಾಯಬೇಕಾದ ತಾಪಮಾನ) ಬರೆಯುವಾಗ ಮೈನಸ್ ಚಿಹ್ನೆ ಬಿಟ್ಟು ಬರೀ 18 ಅಂತ ಹಾಕಿದರೆ ಯಂತ್ರ ಪ್ಲಸ್ 18ರಲ್ಲೇ ನಿಷ್ಠೆಯಿಂದ ಓಡುತ್ತದೆ. ಅಕ್ಷರದಲ್ಲೂ 'ಮೈನಸ್' ಅಂತ ಬರೆಯುವುದು, ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಹೇಳುವುದು ಒಳ್ಳೆಯ ರೂಢಿ. ಕ್ಲೇಮ್ (ಮಾಲು ಕೆಟ್ಟರೆ ಕೇಳುವ ಪರಿಹಾರ) ವಿಷಯಕ್ಕೆ ಬಂದರೆ, ಹಡಗು ಕಂಪನಿ ಸಾಮಾನ್ಯವಾಗಿ ಹೊಣೆ ಹೊರುವುದು ಸೆಟ್ ಪಾಯಿಂಟ್ ಕಾಯುವುದಕ್ಕೆ. ಒಳಗೆ ಹೇಗೆ ಪೇರಿಸಿದಿರಿ, ಎಷ್ಟು ಬಿಸಿಯಿದ್ದಾಗ ತುಂಬಿದಿರಿ ಅನ್ನುವುದು ಕಳಿಸಿದವರ ತಲೆಗೇ ಬರುತ್ತದೆ. ಅದಕ್ಕೆ ತಿರುಳಿನ ತಾಪಮಾನ ಬರೆದ ಹಾಳೆ, ಬಾಗಿಲು ಹಾಕುವ ಮುಂಚೆ ತೆಗೆದ ಫೋಟೋ, ಡಬ್ಬದೊಳಗೆ ಇಟ್ಟ ನಮ್ಮದೇ ಡೇಟಾ ಲಾಗರ್ (ತಾಪಮಾನ ದಾಖಲಿಸುವ ಸಾಧನ) ನಂಬರ್, ಈ ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆ.