ಮೊತ್ತ ಏಳಾದರೆ ಒಂದು ಕಥೆ, ಎಂಟಾದರೆ ಇನ್ನೊಂದು

ಸಂಭವನೀಯತೆಯ ಪಾಠದಲ್ಲಿ ಸೂತ್ರವನ್ನು ನಾನು ಕೊನೆಗೆ ಬರೆಯುತ್ತೇನೆ. ಮೊದಲು ಬೋರ್ಡಿನ ಮೇಲೆ 36 ಮನೆಗಳ ಚೌಕ ಹಾಕುತ್ತೇನೆ. ಎರಡು ದಾಳ ಎಸೆದರೆ ಬೀಳಬಹುದಾದ ಎಲ್ಲ ಜೋಡಿಗಳೂ ಅದರಲ್ಲಿರುತ್ತವೆ.

ಮೊತ್ತ 8 ಆಗುವ ಮನೆಗಳು 5. ಸಂಭವನೀಯತೆ 5/36. ಈಗ ಯಾರೋ ಬಂದು, ಮೊದಲ ದಾಳದಲ್ಲಿ 6 ಬಿದ್ದಿದೆ ಅಂದರು ಅನ್ನಿ. ಡಸ್ಟರ್ ತೆಗೆದುಕೊಂಡು 30 ಮನೆ ಒರೆಸಿಬಿಡುತ್ತೇನೆ. ಉಳಿದ ಆರರಲ್ಲಿ 8 ಕೊಡುವುದು 6-2 ಒಂದೇ. ಸಂಭವನೀಯತೆ 1/6 ಆಯಿತು, ಮೊದಲಿಗಿಂತ ಸ್ವಲ್ಪ ಜಾಸ್ತಿ. ಷರತ್ತುಬದ್ಧ ಸಂಭವನೀಯತೆ ಅಂದರೆ ಇಷ್ಟೇ: ಒಂದು ಸಂಗತಿ ಗೊತ್ತಾದ ಮೇಲೆ ಉಳಿದ ಮನೆಗಳಲ್ಲಿ ಮಾತ್ರ ಎಣಿಸಿ, ಆ ಉಳಿದ ಮನೆಗಳ ಸಂಖ್ಯೆಯಿಂದಲೇ ಭಾಗಿಸುವುದು. ಸೂತ್ರದಲ್ಲಿ ಭಾಗಾಕಾರ ಯಾಕೆ ಬಂತು ಅಂತ ಕೇಳುವವರಿಗೆ ನಾನು ಡಸ್ಟರ್ ತೋರಿಸುತ್ತೇನೆ.

ಇದನ್ನೇ 7ಕ್ಕೆ ಮಾಡಿ ನೋಡಿ. 36ರಲ್ಲಿ 6 ಮನೆ, ಅಂದರೆ 1/6. ಮೊದಲ ದಾಳ 6 ಅಂತ ಗೊತ್ತಾದ ಮೇಲೆ ಉಳಿಯುವುದು 6-1 ಮಾತ್ರ. ಮತ್ತೆ 1/6! ಸುದ್ದಿ ಬಂತು, ಲೆಕ್ಕ ಕದಲಲಿಲ್ಲ. ಹಾಗಾಗಿ 'ಮೊತ್ತ 7', 'ಮೊದಲ ದಾಳ 6' ಇವೆರಡು ಸ್ವತಂತ್ರ ಘಟನೆಗಳು. 'ಸಾರ್, ಮೊತ್ತದಲ್ಲಿ ಮೊದಲ ದಾಳವೂ ಸೇರಿದೆ ಅಲ್ವಾ?' ಅಂತ ಪ್ರತಿ ವರ್ಷ ಯಾರಾದರೂ ತಕರಾರು ತೆಗೆಯುತ್ತಾರೆ. ಸೇರಿದೆ, ನಿಜ. ಆದರೆ ಮೊದಲ ದಾಳದಲ್ಲಿ ಏನೇ ಬೀಳಲಿ, 7 ಮಾಡಲು ಎರಡನೆಯದರಲ್ಲಿ ಒಂದು ಮುಖ ಇದ್ದೇ ಇರುತ್ತದೆ. 8ಕ್ಕೆ ಹಾಗಲ್ಲ. ಮೊದಲನೆಯದು 1 ಬಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಸಲ ಕೆಂಪು ಗೆರೆ ಎಳೆಯುವುದು 'ಒಟ್ಟಿಗೆ ಆಗಲಾರವು, ಆದ್ದರಿಂದ ಸ್ವತಂತ್ರ' ಎಂಬ ಸಾಲಿಗೆ. ಒಂದೇ ದಾಳದಲ್ಲಿ 2 ಬಿತ್ತು ಅಂದ ತಕ್ಷಣ 5ರ ಸಂಭವನೀಯತೆ ಸೊನ್ನೆ. ಇದಕ್ಕಿಂತ ಅವಲಂಬನೆ ಬೇಕಾ?

ತರಗತಿಯಲ್ಲಿ ಇಂಥ ತಪ್ಪಿಗೆ ಎರಡು ಅಂಕ ಹೋಗುತ್ತದೆ, ಅಷ್ಟೇ. ಆದರೆ 1999ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ಇಂಥದೇ ತಪ್ಪು ನಡೆದು, ಒಬ್ಬ ತಾಯಿ ಜೈಲಿಗೆ ಹೋದಳು. ಅವಳ ಎರಡು ಹಸುಗೂಸುಗಳು ಸತ್ತಿದ್ದವು, ಅವಳೇ ಕೊಂದಳು ಎಂಬುದು ಆರೋಪ. ಅವಳದರಂಥ ಕುಟುಂಬದಲ್ಲಿ ಹಠಾತ್ ಶಿಶುಮರಣ 8,543ರಲ್ಲಿ 1 ಎಂದ ತಜ್ಞರು, ಅದನ್ನು ಅದರಿಂದಲೇ ಗುಣಿಸಿ 7.3 ಕೋಟಿಯಲ್ಲಿ 1 ಎಂದರು. ಸುಮ್ನೆ ಗುಣಿಸಬೇಕಾದರೆ ಎರಡು ಸಾವುಗಳೂ ಸ್ವತಂತ್ರವಾಗಿರಬೇಕು. ಒಂದೇ ಮನೆ, ಒಂದೇ ರಕ್ತ. ಹೇಗೆ ಸ್ವತಂತ್ರ? ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ಕೋರ್ಟಿನ ಮುಂದೆ ಬಾರದೇ ಉಳಿದಿದ್ದ ವೈದ್ಯಕೀಯ ವರದಿ ಸಿಕ್ಕಿ, 2003ರಲ್ಲಿ ಶಿಕ್ಷೆ ರದ್ದಾಯಿತು.

ಆ ಅಂಕಿ ಸರಿಯೇ ಇದ್ದರೂ ಇನ್ನೊಂದು ಗುಂಡಿ ಇತ್ತು. ತಾಯಿ ನಿರಪರಾಧಿಯಾಗಿದ್ದರೆ ಹೀಗಾಗುವುದು ಅಪರೂಪ ಎನ್ನುವುದು ಒಂದು. ಹೀಗಾಗಿರುವಾಗ ಅವಳು ನಿರಪರಾಧಿಯಾಗಿರುವುದು ಅಪರೂಪ ಎನ್ನುವುದು ಬೇರೆಯೇ. ಬೋರ್ಡಿನಲ್ಲೇ ನೋಡಿ: ಮೊದಲ ದಾಳ 6 ಎಂದಾಗ ಮೊತ್ತ 8 ಆಗುವುದು 1/6. ಮೊತ್ತ 8 ಎಂದಾಗ ಮೊದಲ ದಾಳ 6 ಆಗಿರುವುದು 1/5.