ಹಳೆಯ ಪಿಕಪ್‌ನ ಮುಂದಿನ ಗಾಜು ಬದಲಿಸುವಾಗ ಹಳೆಯ ಬೀಡಿಂಗನ್ನೇ ಉಳಿಸಿಕೊಳ್ಳಬಹುದೇ?

ಪ್ರಶ್ನೆ: ನಮ್ಮದು 14 ವರ್ಷ ಹಳೆಯ ಪಿಕಪ್. ಅಡಿಕೆ, ಮೆಕ್ಕೆಜೋಳ ತುಂಬಿಕೊಂಡು ಚನ್ನಗಿರಿ, ಭೀಮಸಮುದ್ರ, ದಾವಣಗೆರೆ ನಡುವೆ ಓಡಾಡುತ್ತದೆ. ಮುಂದೆ ಹೋಗುತ್ತಿದ್ದ ಟಿಪ್ಪರ್‌ನಿಂದ ಜಲ್ಲಿ ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟಿದೆ. ಗಾಜಿನ ಅಂಗಡಿಯವರು, ಗಾಜು ಮಾತ್ರ ಹೊಸದು ಹಾಕೋಣ, ಬೀಡಿಂಗ್ ರಬ್ಬರ್ ಹಳೆಯದೇ ಇರಲಿ, ಸುತ್ತ ಸಿಲಿಕೋನ್ ಬಳಿದುಕೊಡುತ್ತೇವೆ ಎನ್ನುತ್ತಾರೆ. ಗಾಜು ಒಡೆಯುವ ಮೊದಲೂ ಮಳೆ ಬಂದರೆ ಡ್ರೈವರ್ ಕಾಲಡಿಗೆ ನೀರು ಇಳಿಯುತ್ತಿತ್ತು. ಅವರು ಹೇಳಿದಂತೆ ಮಾಡಿಸಬಹುದೇ?

ಉತ್ತರ: ಬೇಡ. ಗಾಜು ಬದಲಿಸುವಾಗಲೇ ಬೀಡಿಂಗನ್ನೂ ಬದಲಿಸಿ. ಅದಕ್ಕಿಂತ ಮುಖ್ಯವಾಗಿ, ಗಾಜು ಹೊರಬಂದ ಮೇಲೆ ಅದು ಕೂತಿದ್ದ ತಗಡಿನ ಅಂಚನ್ನು ಒಳ್ಳೆಯ ಬೆಳಕಿನಲ್ಲಿ ನೀವೇ ನಿಂತು ನೋಡಿ. ಕಾಲಡಿಗೆ ನೀರು ಇಳಿಯುತ್ತಿತ್ತು ಎಂದು ನೀವು ಬರೆದಿರುವ ಆ ಒಂದು ಮಾತೇ ಅಂಚಿಗೆ ತುಕ್ಕು ಹಿಡಿದಿರುವ ಸಂಶಯ ಹುಟ್ಟಿಸುತ್ತದೆ. ಹಳೆಯ ಗಾಡಿಯಲ್ಲಿ ಮುಂದಿನ ಗಾಜಿನ ಕೆಲಸವೆಂದರೆ ಬಹುಪಾಲು ತಗಡಿನ ಕೆಲಸವೇ ಆಗಿರುತ್ತದೆ, ಮತ್ತು ಆ ತಗಡು ಕಣ್ಣಿಗೆ ಬೀಳುವುದು ಗಾಜು ತೆಗೆದಾಗ ಮಾತ್ರ.

ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ನೇರವಾಗಿ ಬಾಡಿಗೆ ಅಂಟಿಸುತ್ತಾರೆ. ಹಳೆಯ ಪಿಕಪ್, ಜೀಪು, ಲಾರಿಗಳಲ್ಲಿ ಸಾಮಾನ್ಯವಾಗಿ ಅಂಟಿನ ಕೆಲಸವೇ ಇಲ್ಲ. ರಬ್ಬರ್ ಬೀಡಿಂಗೇ ಗಾಜನ್ನು ಹಿಡಿದಿರುತ್ತದೆ. ಆ ರಬ್ಬರಿಗೆ ಎರಡು ಗ್ರೂವ್‌ಗಳಿದ್ದು (ಉದ್ದಕ್ಕೂ ಸಾಗುವ ಕಾಲುವೆಯಂಥ ಸೀಳುಗಳು), ಒಂದರಲ್ಲಿ ಗಾಜಿನ ಅಂಚೂ ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚೂ ಕೂರುತ್ತವೆ. ಕೆಲವು ಮಾದರಿಗಳಲ್ಲಿ ಹೊರಮೈಯಲ್ಲಿ ತೆಳುವಾದ ಲಾಕ್ ಪಟ್ಟಿಯೊಂದು ಸೇರಿಕೊಂಡು ರಬ್ಬರನ್ನು ಎರಡೂ ಕಡೆಗೆ ಅದುಮಿ ಬಿಗಿ ಮಾಡುತ್ತದೆ. ನೀರು ಒಳಬಾರದಂತೆ ತಡೆಯುವುದು ಈ ಅದುಮುವಿಕೆಯೇ ಹೊರತು ಮೇಲೆ ಬಳಿದ ಯಾವ ಪೇಸ್ಟೂ ಅಲ್ಲ.

ಗಾಜು ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ, ಏಕೆಂದರೆ ನೀರು ಗಾಜಿನ ಕಡೆಯಿಂದಲೇ ಬರುತ್ತಿದೆ ಎಂದು ನಂಬಿ ದುಡ್ಡು ಹಾಕಿ, ಮುಂದಿನ ಮಳೆಗೆ ಅದೇ ಜಾಗದಲ್ಲಿ ನೀರು ಕಂಡವರು ಬಹಳ ಮಂದಿ ಇದ್ದಾರೆ. ಬಿರುಕು ಬಿಟ್ಟ ಭಾಗಕ್ಕೆ ಟೇಪ್ ಅಂಟಿಸಿ, ಒಬ್ಬರು ಟಾರ್ಚ್ ಹಿಡಿದು ಕ್ಯಾಬಿನ್ ಒಳಗೆ ಕೂರಲಿ. ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡಲಿ. ಬಿಡುವ ಕ್ರಮ ಕೆಳಗಿನಿಂದ ಮೇಲಕ್ಕಿರಬೇಕು: ಮೊದಲು ಬಾನೆಟ್ಟಿನ ಹಿಂದಿನ ಗಾಳಿಯ ಜಾಲರಿ, ಆಮೇಲೆ ವೈಪರ್ ಕಡ್ಡಿ ಹೊರಬರುವ ರಂಧ್ರಗಳು, ನಂತರ ಗಾಜಿನ ಕೆಳ ಅಂಚು, ಪಕ್ಕಗಳು, ಕೊನೆಗೆ ಟಾಪಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒಟ್ಟಿಗೇ ನೆನೆದು, ಎಲ್ಲಿಂದ ಸೋರಿತೆಂದು ತಿಳಿಯುವುದಿಲ್ಲ. ವೈಪರ್ ಬುಡದ ರಬ್ಬರ್ ವಾಷರ್ ಸವೆದಿದ್ದರೂ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಕಾಲಡಿಗೇ ಬರುತ್ತದೆ. ಅದಕ್ಕೆ ಗಾಜು ಮುಟ್ಟಬೇಕಾಗಿಯೇ ಇಲ್ಲ.

ಇನ್ನು ರಬ್ಬರಿನ ವಿಷಯ. ಬಿಸಿಲು, ಕಾವು ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರನ್ನು ನಿಧಾನವಾಗಿ ಗಟ್ಟಿ ಮಾಡುತ್ತವೆ, ಕುಗ್ಗಿಸುತ್ತವೆ. ಚಿತ್ರದುರ್ಗ, ಜಗಳೂರು ಕಡೆಯ ಬಯಲಿನಲ್ಲಿ ದಿನವಿಡೀ ನೆರಳಿಲ್ಲದೆ ನಿಲ್ಲುವ ಗಾಡಿಗೆ ಇದು ಬೇಗ ಆಗುತ್ತದೆ. ನಿಮ್ಮ ಬೀಡಿಂಗಿನ ಹೊರತುಟಿಯನ್ನು, ಅಂದರೆ ಹೊರಗಡೆಯ ತೆಳು ಅಂಚನ್ನು, ಬೆರಳಿನಿಂದ ಎತ್ತಿ ಮಡಿಸಿ ನೋಡಿ. ಮಡಿಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಕಂಡರೆ, ಕೈಗೆ ಕಪ್ಪು ಪುಡಿ ಹತ್ತಿದರೆ, ಮೂಲೆಗಳಲ್ಲಿ ರಬ್ಬರ್ ತಗಡಿನಿಂದ ಎದ್ದು ನಿಂತಿದ್ದರೆ ಅದರ ಆಯಸ್ಸು ಮುಗಿದಿದೆ. ಹಾಗೆ ಗಟ್ಟಿಯಾದ ರಬ್ಬರನ್ನು ಹೊಸ ಗಾಜಿಗೆ ಎಳೆದು ಕೂರಿಸುವಾಗ ಮೂಲೆಯಲ್ಲಿ ಸೀಳುತ್ತದೆ, ಸೀಳದಿದ್ದರೆ ಗಾಜಿನ ಮೇಲೆ ಭಾರ ಬಿದ್ದು ಗಾಜೇ ಒಡೆಯುತ್ತದೆ. ಉಳಿಸಿದ ದುಡ್ಡಿಗಿಂತ ಹೆಚ್ಚು ದುಡ್ಡು ಅಲ್ಲೇ ಹೋಗುತ್ತದೆ. ಹೊಸದನ್ನು ಕೊಳ್ಳುವಾಗ ನಿಮ್ಮ ಮಾದರಿಗೆಂದೇ ಅಚ್ಚಿನಲ್ಲಿ ಮೂಲೆ ಮಾಡಿರುವ ಬೀಡಿಂಗ್ ಕೇಳಿ. ಇಪಿಡಿಎಂ ಎಂಬ ಕೃತಕ ರಬ್ಬರಿನದು ಸಿಕ್ಕರೆ ಅದು ಬಿಸಿಲಿಗೆ ಹೆಚ್ಚು ಬಾಳುತ್ತದೆ. ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಡುವ ಬೀಡಿಂಗೇ ಗತಿಯಾದರೆ ಅಳತೆಗಿಂತ ಸ್ವಲ್ಪ ಉದ್ದವಾಗಿಯೇ ಕತ್ತರಿಸಿಕೊಂಡು, ಎಳೆಯದೆ ಒತ್ತಿ ಕೂರಿಸಬೇಕು. ಎಳೆದು ಹಾಕಿದ ರಬ್ಬರ್ ಕೆಲವೇ ದಿನಗಳಲ್ಲಿ ಹಿಂದಕ್ಕೆ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ.

ಸಿಲಿಕೋನ್ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಸಾಮಾನ್ಯವಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹಚ್ಚಿದಾಗ ವಿನಿಗರ್‌ನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಹೋದ ಬರಿಯ ಕಬ್ಬಿಣಕ್ಕೆ ಅದು ತಗಲಿದರೆ ತುಕ್ಕು ಇನ್ನಷ್ಟು ಬೇಗ ಹರಡುತ್ತದೆ. ಹೊರಗೆ ಬಳಿದ ಸಿಲಿಕೋನ್ ಒಂದು ಕಡೆ ಬಿಟ್ಟುಕೊಂಡರೂ ಸಾಕು, ಅಲ್ಲಿಂದ ನುಗ್ಗಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ರಬ್ಬರಿನ ಕೆಳಗೇ ನಿಂತು ತಗಡನ್ನು ತಿನ್ನುತ್ತದೆ. ಮೇಲಾಗಿ, ಸಿಲಿಕೋನ್ ಹತ್ತಿದ ಜಾಗದ ಮೇಲೆ ಆಮೇಲೆ ಪ್ರೈಮರೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ರಬ್ಬರ್ ಬೀಡಿಂಗಿಗೆ ಬೇಕಾದದ್ದು ಎಂದೂ ಗಟ್ಟಿಯಾಗದ, ಮೆತ್ತಗೇ ಉಳಿಯುವ ಬ್ಯುಟೈಲ್ ಜಾತಿಯ ಸೀಲೆಂಟ್; ಅದೂ ಗಾಜು ಕೂತ ಮೇಲೆ ತುಟಿಯ ಒಳಗೆ ಹೋಗಬೇಕು, ಹೊರಗೆ ಕಾಣಬಾರದು.

ತಗಡಿನ ಅಂಚಿಗೆ ಬನ್ನಿ. ಇಲ್ಲಿ ಅವಸರ ಮಾಡಲೇಬೇಡಿ. ಸಾಮಾನ್ಯವಾಗಿ ಕೆಳಗಿನ ಎರಡು ಮೂಲೆಗಳಲ್ಲಿ, ನೀರು ಇಳಿದು ನಿಲ್ಲುವ ಜಾಗದಲ್ಲಿ, ಬಣ್ಣ ಗುಳ್ಳೆಯೆದ್ದು, ಉಗುರಿನಿಂದ ಕೆರೆದರೆ ಪದರಪದರವಾಗಿ ಉದುರುವ ಕಂದು ತುಕ್ಕು ಸಿಗುತ್ತದೆ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಒತ್ತಿ ನೋಡಿ. ತುದಿ ಒಳಗೆ ಹೋಗದಿದ್ದರೆ ವೈರ್ ಬ್ರಷ್ ಹಾಕಿ ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಬಳಿದು, ಮೇಲೆ ಬಣ್ಣ ಹೊಡೆಸಿ, ಅದು ಪೂರ್ತಿ ಒಣಗುವವರೆಗೆ ಕಾಯಬೇಕು. ಹಸಿ ಬಣ್ಣದ ಮೇಲೆ ರಬ್ಬರ್ ಕೂರಿಸಿದರೆ ಜಾರುವಾಗ ಬಣ್ಣವನ್ನೇ ಕೆರೆದುಕೊಂಡು ಹೋಗುತ್ತದೆ. ತುದಿ ತೂತು ಮಾಡಿಕೊಂಡು ಒಳಗೆ ಹೋದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ಟಿಂಕರ್‌ನವರು ಪುಟ್ಟಿ ತುಂಬಿ ಸಮ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ. ರಬ್ಬರಿನ ಗ್ರೂವ್ ಇಂತಿಷ್ಟೇ ದಪ್ಪದ ತಗಡಿಗೆಂದು ಆಗಿರುತ್ತದೆ. ಪುಟ್ಟಿಯಿಂದ ಒಂದು ಕಡೆ ಉಬ್ಬು ಬಂದರೆ ಗಾಜು ಅಲ್ಲಿ ಒತ್ತಡಕ್ಕೆ ಸಿಕ್ಕಿ, ಯಾವ ಕಲ್ಲೂ ಬಡಿಯದೆ, ಹಳ್ಳ ಹಾರಿದ ಒಂದು ದಿನ ಅಂಚಿನಿಂದ ತಾನಾಗಿಯೇ ಬಿರುಕು ಬಿಡುತ್ತದೆ. ಮಧ್ಯದಲ್ಲಿ ಏಟಿನ ಗುರುತಿಲ್ಲದೆ ಅಂಚಿನಿಂದ ಹೊರಟ ಬಿರುಕು ಕಂಡಾಗ ಮೊದಲು ಸಂಶಯಪಡಬೇಕಾದದ್ದು ಈ ಉಬ್ಬನ್ನೇ. ವೆಲ್ಡಿಂಗ್ ಆದ ಮೇಲೂ ಅದರ ಗಂಟುಗಳನ್ನು ಗ್ರೈಂಡರ್‌ನಿಂದ ಸಮ ಮಾಡಿಸಿ.

ಗಾಜು ಲ್ಯಾಮಿನೇಟೆಡ್ ಆಗಿರಬೇಕು. ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇರುವುದರಿಂದ, ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಂಡು ಡ್ರೈವರ್ ಮುಖಕ್ಕೆ ಸಿಡಿಯುವುದಿಲ್ಲ. ಪಕ್ಕದ ಕಿಟಕಿಗಳಿಗೆ ಹಾಕುವ ಟಫನ್ಡ್ ಗಾಜು ಏಟಿಗೆ ಒಮ್ಮೆಲೇ ಪುಡಿಪುಡಿಯಾಗಿ ರಸ್ತೆಯೇ ಕಾಣದಂತೆ ಮಾಡುತ್ತದೆ, ಹಾಗಾಗಿ ಅದು ಮುಂದಕ್ಕೆ ಸಲ್ಲದು. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ಐಎಸ್ 2553 ಎಂಬ ಸಂಖ್ಯೆ ಇದೆಯೇ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕು. ಬಿಸಿಲೆಂದು ಕಪ್ಪು ಗಾಜು ಕೇಳಬೇಡಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕಾಗಿರುವುದರಿಂದ ಈ ಗುರುತುಗಳ ಪ್ರಶ್ನೆ ಹೇಗೂ ಬರುತ್ತದೆ. ವಿಮೆ ಬರಿಯ ಥರ್ಡ್ ಪಾರ್ಟಿಯದಾಗಿದ್ದರೆ ಗಾಜಿನ ಖರ್ಚು ಸಿಗುವುದಿಲ್ಲ.

ಬಿಚ್ಚುವ ಮೊದಲು ಡ್ಯಾಶ್‌ಬೋರ್ಡಿನ ಮೇಲೆ ದಪ್ಪ ಬಟ್ಟೆ ಹಾಸಿ, ಗಾಳಿ ಬರುವ ಕಿಂಡಿಗಳಿಗೆ ಟೇಪ್ ಅಂಟಿಸಿ. ಒಳಗೆ ಬಿದ್ದ ಗಾಜಿನ ಕಣ ಎಷ್ಟೋ ದಿನಗಳ ನಂತರ ಬ್ಲೋಯರ್ ಹಾಕಿದಾಗ ಕಣ್ಣಿಗೆ ಹಾರಬಹುದು. ಹೊಸ ಗಾಜನ್ನು ಕೂರಿಸಲು ಇಬ್ಬರು ಬೇಕು, ಮಧ್ಯಾಹ್ನದ ಹೊತ್ತು ಒಳ್ಳೆಯದು. ರಬ್ಬರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಟ್ಟರೆ ಮೆತ್ತಗಾಗುತ್ತದೆ. ಮೊದಲು ಬೀಡಿಂಗನ್ನು ಗಾಜಿಗೆ ಸುತ್ತ ತೊಡಿಸಿ, ತಗಡು ಕೂರಬೇಕಾದ ಗ್ರೂವ್‌ನಲ್ಲಿ ನುಣುಪಾದ ನೈಲಾನ್ ಹುರಿಯನ್ನು ಪೂರ್ತಿ ಸುತ್ತಿ, ಅದರ ಎರಡು ತುದಿಗಳು ಕೆಳ ಅಂಚಿನ ಮಧ್ಯದಲ್ಲಿ ಒಂದರ ಮೇಲೊಂದು ಗೇಣುದ್ದ ಹಾಯುವಂತೆ ಬಿಡಬೇಕು. ತುದಿಗಳು ಕ್ಯಾಬಿನ್ ಒಳಗಿರಲಿ. ಗ್ರೂವ್‌ಗೆ, ತಗಡಿಗೆ ಸೋಪಿನ ನೀರು ಧಾರಾಳವಾಗಿ ಹಚ್ಚಿ. ಗ್ರೀಸ್, ಡೀಸೆಲ್, ಇಂಜಿನ್ ಆಯಿಲ್ ಖಂಡಿತ ಬೇಡ. ಎಣ್ಣೆ ಕುಡಿದ ಇಪಿಡಿಎಂ ರಬ್ಬರ್ ಉಬ್ಬಿ ಹಾಳಾಗುತ್ತದೆ. ಹೊರಗಿನವರು ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುವಂತೆ ಒಳಗಿನವರು ಹುರಿಯ ಒಂದು ತುದಿಯನ್ನು ಗಾಜಿನ ಮಧ್ಯದ ಕಡೆಗೆ ಎಳೆಯುತ್ತಾ ಬಂದರೆ, ಒಳತುಟಿ ತಗಡಿನ ಮೇಲೆ ಹಾರಿ ಕೂರುತ್ತದೆ. ಹೊರಗಿನವರು ಹುರಿ ಹೋದಲ್ಲೆಲ್ಲ ಅಂಗೈಯಿಂದ ತಟ್ಟುತ್ತಾ ಹಿಂಬಾಲಿಸಬೇಕು, ಮುಷ್ಟಿಯಿಂದ ಗುದ್ದಬಾರದು. ಮೂಲೆ ಬಂದಾಗ ನಿಧಾನಿಸಿ; ಹುರಿ ಬರುತ್ತಿಲ್ಲವೆಂದರೆ ಜಗ್ಗಬೇಡಿ, ಇನ್ನಷ್ಟು ಸೋಪಿನ ನೀರು ಹಾಕಿ ಹೊರಗಿನಿಂದ ಗಾಜನ್ನು ತುಸು ಸರಿಸಿ ನೋಡಿ.

ಸುತ್ತ ಕೂತ ಮೇಲೆ ಲಾಕ್ ಪಟ್ಟಿ ಇದ್ದರೆ ಸೇರಿಸಿ, ಸೋಪಿನ ನೀರು ಒಣಗಿದ ನಂತರ ತುಟಿಗಳನ್ನು ಎತ್ತಿ ಸೀಲೆಂಟ್ ತುಂಬಿಸಿ. ಅಂಟಿನ ಗಾಜಿನಂತೆ ಇದಕ್ಕೆ ಒಣಗಲು ಕಾಯಬೇಕಾಗಿಲ್ಲ, ಗಾಡಿಯನ್ನು ಅಂದೇ ಓಡಿಸಬಹುದು. ಆದರೆ ಹೊರಡುವ ಮೊದಲು ಮೊದಲಿನಂತೆಯೇ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು, ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ ಕೆಳಗಿನ ತಗಡನ್ನು ಕೈಯಿಂದ ಮುಟ್ಟಿ ನೋಡಿ, ಏಕೆಂದರೆ ನೀರು ಮೊದಲು ಸೇರುವುದು ಮ್ಯಾಟಿನ ಅಡಿಯಲ್ಲಿ. ಒಂದೆರಡು ವಾರ ಬಿಸಿಲಲ್ಲಿ ಓಡಿದ ಮೇಲೆ ಲಾಕ್ ಪಟ್ಟಿಯ ಎರಡು ತುದಿಗಳು ಕೂಡುವ ಜಾಗವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಸಂದು ಬಿಟ್ಟಿದ್ದರೆ ಅದೇ ಪಟ್ಟಿಯ ಸಣ್ಣ ತುಂಡೊಂದನ್ನು ಕತ್ತರಿಸಿ ತೂರಿಸಿದರೆ ಆಯಿತು, ಗಾಜು ಬಿಚ್ಚಬೇಕಾಗಿಲ್ಲ.